ಡಿಶ್ ಹಾಕಿಸಿ, ಬಿಚ್ಚಿಸಿ, ಕೊನೆಗೆ ಕೇಬಲ್‌ಗೆ ಬಂದ ನಮ್ಮ 46 ದಿನ

ನಿನ್ನೆ ಸಂಜೆ ಏಳೂವರೆಗೆ ಮೈಸೂರಿನ ಬೋಗಾದಿಯಲ್ಲಿ ಮಳೆ ಜೋರಾಗಿ ಹಿಡಿಯಿತು. ಅವ್ವ ರಿಮೋಟ್ ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದಳು. ಟಿವಿ ನಿಲ್ಲಲಿಲ್ಲ. ಧಾರಾವಾಹಿ ಪೂರ್ತಿ ಮುಗಿಯಿತು, ಅಪ್ಪನ ಒಂಬತ್ತು ಗಂಟೆ ನ್ಯೂಸೂ ಬಂತು. ಇಷ್ಟಕ್ಕೆ ನಮಗೆ 46 ದಿನ ಹಿಡಿಯಿತು, ಐದು ಸಾವಿರದ ಮೇಲೆ ಖರ್ಚಾಯಿತು. ಮೊದಲೇ ಯಾರಾದರೂ ಕೂರಿಸಿಕೊಂಡು ಹೇಳಿದ್ದರೆ ಅರ್ಧ ದುಡ್ಡು ಉಳಿಯುತ್ತಿತ್ತು. ಮನೆ ಬದಲಾಯಿಸುವವರು, ವಯಸ್ಸಾದ ಅಪ್ಪ ಅಮ್ಮನಿಗೆ ಟಿವಿ ಹಾಕಿಸಿಕೊಡಬೇಕು ಅಂತಿರುವವರು ಓದಲಿ ಅಂತ, ಎಲ್ಲ ನೆನಪಿರುವಾಗಲೇ ಬರೆಯುತ್ತಿದ್ದೇನೆ.

ಏಪ್ರಿಲ್ ಮೊದಲ ವಾರ ಅಪ್ಪನಿಗೆ ಮೊಣಕಾಲಿನ ಆಪರೇಷನ್ ಆಯಿತು. ಮಳವಳ್ಳಿ ಹತ್ತಿರದ ತೋಟದ ಮನೆಯಲ್ಲಿ ಅವ್ವ ಒಬ್ಬಳೇ ಅವರನ್ನು ನೋಡಿಕೊಳ್ಳುವುದು ಕಷ್ಟ, ಫಿಸಿಯೋಥೆರಪಿಗೆ ಬೇರೆ ಓಡಾಡಬೇಕು. ಅದಕ್ಕೆ ಇಬ್ಬರನ್ನೂ ಮೈಸೂರಿಗೆ ಕರೆದುಕೊಂಡು ಬಂದೆವು. ಕುವೆಂಪುನಗರದಲ್ಲಿ ನಾವಿದ್ದ ಮನೆಗೆ ಮೆಟ್ಟಿಲು ಹತ್ತಬೇಕಿತ್ತು. ಹಾಗಾಗಿ ಏಪ್ರಿಲ್ 24ಕ್ಕೆ ಬೋಗಾದಿಯಲ್ಲಿ ಒಂದು ಕೆಳಗಿನ ಮನೆಗೆ ಬಂದೆವು. ಮೇಲಿನ ಮನೆಯಲ್ಲಿ ಓನರ್ ಅಮ್ಮ ಇದ್ದಾರೆ.

ಬೆಳಗ್ಗೆ ಎದ್ದರೆ ತೋಟ ಸುತ್ತುತ್ತಿದ್ದ ಮನುಷ್ಯ ಅಪ್ಪ. ಈಗ ಹಾಸಿಗೆ, ಕುರ್ಚಿ, ಮತ್ತೆ ಹಾಸಿಗೆ. ಮೊದಲ ಎರಡು ದಿನ ಕಿಟಕಿ ಕಡೆ ಮುಖ ಮಾಡಿ ಸುಮ್ನೆ ಕೂತಿದ್ದರು. ಮೊಬೈಲ್‌ನಲ್ಲಿ ನ್ಯೂಸ್ ಹಾಕಿಕೊಟ್ಟೆ. ಹತ್ತು ನಿಮಿಷಕ್ಕೆ ಕಣ್ಣು ಉರಿಯುತ್ತದೆ ಅಂತ ಪಕ್ಕಕ್ಕಿಟ್ಟರು. ಆಗಲೇ ನಾನು ನಮ್ಮನೆಯವರಿಗೆ ಹೇಳಿದ್ದು, ಬೇರೆ ಸಾಮಾನು ನಿಧಾನಕ್ಕೆ ಜೋಡಿಸೋಣ, ಮೊದಲು ಟಿವಿ ಬರಲಿ ಅಂತ.

ಹಳೆ ಮನೆಯಲ್ಲಿ ಕೇಬಲ್ ಇತ್ತು. ಬಾಕ್ಸ್ 2013ರದ್ದು. ಆ ವರ್ಷ ಮಾರ್ಚ್ 31ರ ಗಡುವು ಕೊಟ್ಟು ದೇಶದ 38 ನಗರಗಳಲ್ಲಿ ಕೇಬಲ್ ಡಿಜಿಟಲ್ ಮಾಡಿದರಲ್ಲ, ಬೆಂಗಳೂರಿನ ಜೊತೆ ಮೈಸೂರೂ ಆ ಪಟ್ಟಿಯಲ್ಲಿತ್ತು. ಆಗ ನಮ್ಮ ಬೀದಿಯವರೆಲ್ಲ ದುಡ್ಡು ಕೊಟ್ಟು ಬಾಕ್ಸ್ ತಗೊಂಡಿದ್ದೆವು. ಬಾಕ್ಸ್ ನಮ್ಮದೇ ಅಲ್ವಾ, ಹೊಸ ಮನೆಯಲ್ಲಿ ವೈರ್ ಸಿಕ್ಕಿಸಿದರೆ ಆಯಿತು ಅಂದುಕೊಂಡು ಜೋಪಾನವಾಗಿ ಬಟ್ಟೆಯಲ್ಲಿ ಸುತ್ತಿ ತಂದೆ. ಆಗಲಿಲ್ಲ. ಬೋಗಾದಿಯ ಈ ಬೀದಿಗೆ ಬರುವುದು ಬೇರೆ ನೆಟ್‌ವರ್ಕ್. ಒಂದೊಂದು ನೆಟ್‌ವರ್ಕ್‌ನವರೂ ತಮ್ಮ ಸಿಗ್ನಲ್‌ಗೆ ಬೀಗ ಹಾಕಿ ಕಳಿಸುತ್ತಾರೆ, ಅವರ ಬಾಕ್ಸ್ ಮಾತ್ರ ಅದನ್ನು ತೆಗೆಯುತ್ತದೆ. ಡಿಟಿಎಚ್, ಅಂದರೆ ಮನೆ ಮೇಲೆ ಡಿಶ್ ಇಟ್ಟು ಉಪಗ್ರಹದಿಂದ ನೇರವಾಗಿ ಹಿಡಿಯುವುದು, ಅದರ ಬಾಕ್ಸಿನದ್ದೂ ಇದೇ ಕಥೆ. ಹಾಗಾಗಿ ಬಾಕ್ಸ್ ತಗೊಳ್ಳುವಾಗಲೇ ಕೇಳಿ: ಇದು ಪೂರ್ತಿ ನಮ್ಮದಾ, ಬಾಡಿಗೆಯದ್ದಾ, ಬಾಡಿಗೆಯದ್ದಾದರೆ ವಾಪಸ್ ಕೊಟ್ಟಾಗ ಡೆಪಾಸಿಟ್ ಎಷ್ಟು ಬರುತ್ತದೆ ಅಂತ. ರಸೀದಿ ಎತ್ತಿಡಿ. ನನ್ನ ಹತ್ತಿರ ರಸೀದಿಯೇ ಇರಲಿಲ್ಲ, ಹಾಗಾಗಿ ಕೇಳುವುದಕ್ಕೆ ಬಾಯಿಯೂ ಇರಲಿಲ್ಲ.

ಇನ್ನೊಂದು ಬೇಜಾರು. ಹಳೆ ಕೇಬಲ್‌ನವರಿಗೆ ಜೂನ್ ಕೊನೆಯವರೆಗೆ ಮುಂಗಡ ಕಟ್ಟಿದ್ದೆ. ನೋಡಿ ಹೇಳುತ್ತೇನೆ ಅಂದರು. ಆಮೇಲೆ ಫೋನ್ ಎತ್ತಲಿಲ್ಲ. ಮನೆ ಬಿಡುವ ಮಾತು ಮನೆಯಲ್ಲಿ ಎದ್ದ ದಿನದಿಂದಲೇ ತಿಂಗಳು ತಿಂಗಳಿಗೆ ಮಾತ್ರ ಕಟ್ಟಿ.

ಹೊಸ ಏರಿಯಾದ ಕೇಬಲ್‌ನವರ ನಂಬರ್ ಸಿಗುವುದಕ್ಕೇ ನಾಲ್ಕು ದಿನ ಬೇಕಾಯಿತು. ಕೊನೆಗೆ ಸಿಕ್ಕಿದ್ದು ಬೀದಿ ತುದಿಯ ನಂದಿನಿ ಬೂತ್‌ನಲ್ಲಿ. ಹಾಲು ತರುವಾಗ ಕೇಳಿಬಿಡಿ, ಬೂತ್‌ನವರಿಗೆ ಎಲ್ಲ ಗೊತ್ತಿರುತ್ತದೆ. ಆ ಯಜಮಾನರೇ ಬಂದು ನೋಡಿದರು. ಬಾಕ್ಸ್, ಫಿಟ್ಟಿಂಗ್ ಸೇರಿ 1,500. ಕಂಬದಿಂದ ವೈರ್ ಎಳೆಯುವುದಕ್ಕೆ ಬೇರೆ ಅಂದರು. ಆಧಾರ್ ಜೆರಾಕ್ಸ್, ಬಾಡಿಗೆ ಕರಾರಿನ ಜೆರಾಕ್ಸ್, ಒಂದು ಫೋಟೋ, ಒಂದು ಅರ್ಜಿ. ಅರ್ಜಿಯ ಒಂದು ಪ್ರತಿ ನೀವು ಇಟ್ಟುಕೊಳ್ಳಿ, ಗ್ರಾಹಕರ ನಂಬರ್ ಅದರಲ್ಲೇ ಇರುತ್ತದೆ. ಎಲ್ಲ ಸರಿ ಹೋಗುತ್ತಿತ್ತು. ಆದರೆ ಕಂಬದಿಂದ ವೈರ್ ಬರಬೇಕಾದದ್ದು ಮನೆಯ ಮುಂಭಾಗದಿಂದ. ಓನರ್ ಅಮ್ಮ ಯುಗಾದಿಗೆ ಬಣ್ಣ ಹೊಡೆಸಿದ್ದರು. "ಮುಂದುಗಡೆ ವೈರ್ ನೇತಾಡೋದು ಬೇಡಮ್ಮ" ಅಂದುಬಿಟ್ಟರು. ಅವರದ್ದೂ ತಪ್ಪಲ್ಲ. ನಾವು ಬಂದು ವಾರವೂ ಆಗಿರಲಿಲ್ಲ, ಜಾಸ್ತಿ ಒತ್ತಾಯ ಮಾಡಲು ಮನಸ್ಸಾಗಲಿಲ್ಲ.

ಸರಿ, ಡಿಶ್ ಹಾಕಿಸೋಣ ಅಂತ ಆಯಿತು. ಊರಿನ ಮನೆಯಲ್ಲೂ ಮುಂಚೆ ಡಿಶ್ ಇತ್ತು, ಅದು ಕೆಟ್ಟು ಎರಡು ವರ್ಷ ಆಗಿತ್ತು. ಆನ್‌ಲೈನ್‌ನಲ್ಲಿ ಬುಕ್ ಮಾಡಿ 2,100 ಕಟ್ಟಿದೆ. ಎಚ್‌ಡಿ ಬಾಕ್ಸ್, ಒಂದು ತಿಂಗಳ ಪ್ಯಾಕ್, ಫಿಟ್ಟಿಂಗ್ ಎಲ್ಲ ಸೇರಿ. ನಾಳೆಯೇ ಬರುತ್ತಾರೆ ಅಂತ ಮೆಸೇಜ್ ಬಂತು. ಮೂರನೇ ದಿನ ಬಂದರು.

ಇಲ್ಲಿ ನಾನು ಕಲಿತದ್ದು ಎಲ್ಲರಿಗೂ ಬೇಕಾಗುವ ವಿಷಯ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬಂದ ಹುಡುಗ ಮೊದಲು ಮನೆ ನೋಡಲಿಲ್ಲ, ಆಕಾಶ ನೋಡಿದ. "ಅಕ್ಕ, ಅಡುಗೆ ಮನೆ ಮೂಲೆ ಯಾವ್ದು?" ಅಂದ. ಆಗ್ನೇಯ. ಡಿಶ್ ಮುಖ ಮಾಡಬೇಕಾದದ್ದು ಆ ಕಡೆಗೆ. ನಮ್ಮ ಡಿಟಿಎಚ್ ಉಪಗ್ರಹಗಳೆಲ್ಲ ಭೂಮಧ್ಯರೇಖೆಯ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಕದಲದೆ ನಿಂತ ಹಾಗೆ ಇರುತ್ತವೆ. ಕೆಲವು ಕಂಪನಿಗಳದ್ದು 83 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಕೆಲವರದ್ದು 93.5, 95, ಇನ್ನೊಬ್ಬರದ್ದು 108ರ ಹತ್ತಿರ. ಮೈಸೂರು ಇರುವುದು ಸುಮಾರು 76.6 ಡಿಗ್ರಿಯಲ್ಲಿ. ಹಾಗಾಗಿ ಎಲ್ಲವೂ ನಮಗೆ ದಕ್ಷಿಣ ಮತ್ತು ಪೂರ್ವದ ನಡುವೆಯೇ ಸಿಗುತ್ತವೆ. 83ರದ್ದು ದಕ್ಷಿಣದ ಕಡೆಗೆ ವಾಲಿ ನೆತ್ತಿಗೆ ಹತ್ತಿರ, 108ರದ್ದು ಪೂರ್ವದ ಕಡೆಗೆ ವಾಲಿ ಇನ್ನೂ ತಗ್ಗಿನಲ್ಲಿ.

ನಮ್ಮ ಮನೆ ಆಗ್ನೇಯಕ್ಕೆ ಪಕ್ಕದ ಸೈಟಿನಲ್ಲಿ ಎರಡು ತೆಂಗಿನ ಮರ. ಕೆಳಗಡೆ ಎಲ್ಲೂ ಡಿಶ್ ಕೂರಿಸುವ ಹಾಗಿರಲಿಲ್ಲ. ಮರ ಒಂದು ಕಂಪನಿಯ ದಿಕ್ಕಿಗೆ ಅಡ್ಡ ಬಂದರೂ ಇನ್ನೊಂದರ ದಿಕ್ಕು ಖಾಲಿ ಇರಬಹುದು, ಬುಕ್ ಮಾಡುವ ಮುಂಚೆಯೇ ನೋಡಿಕೊಂಡಿದ್ದರೆ ಕಂಪನಿ ಬದಲಾಯಿಸಬಹುದಿತ್ತು ಅಂತ ಆ ಹುಡುಗನೇ ಹೇಳಿದ. ನಾನು ಆಫರ್ ನೋಡಿ ಬುಕ್ ಮಾಡಿದ್ದೆ. ನೀವು ಮಾತ್ರ ದುಡ್ಡು ಕಟ್ಟುವ ಮುಂಚೆ ಮೊಬೈಲ್‌ನ ದಿಕ್ಸೂಚಿ ಹಿಡಿದು ಒಂದು ಸಲ ತಾರಸಿಗೆ ಹೋಗಿ ನಿಂತು ನೋಡಿ. ಐದು ನಿಮಿಷದ ಕೆಲಸ.

ತಾರಸಿಯ ವಾಯುವ್ಯ ಮೂಲೆಗೆ ಹೋದರೆ ಮರ ತಪ್ಪುತ್ತಿತ್ತು. ಆದರೆ ಅಲ್ಲಿ ಡ್ರಿಲ್ ಮಾಡಬಾರದು, ಮೋಲ್ಡ್ ಸೋರುತ್ತದೆ ಅಂತ ಓನರ್ ಅಮ್ಮ. ಇದಕ್ಕೆ ದಾರಿ ಹುಡುಗನೇ ತೋರಿಸಿದ: 20 ಲೀಟರಿನ ಖಾಲಿ ಪೇಂಟ್ ಬಕೆಟ್‌ನಲ್ಲಿ ಕಬ್ಬಿಣದ ಪೈಪ್ ನೆಟ್ಟಗೆ ನಿಲ್ಲಿಸಿ ಕಾಂಕ್ರೀಟ್ ತುಂಬುವುದು. ಪೈಪ್, ಸಿಮೆಂಟ್, ಜಲ್ಲಿ ಎಲ್ಲ ಸೇರಿ 450 ಆಯಿತು. ಎರಡು ದಿನ ನೀರು ಹಾಕಿ ಗಟ್ಟಿ ಮಾಡಿದೆವು. ಪೈಪ್ ಒಂಚೂರೂ ವಾಲಬಾರದು, ವಾಲಿದರೆ ಡಿಶ್ ದಿಕ್ಕು ಸಿಗುವುದಿಲ್ಲ. ತೂಕ ಸಾಲದೆ ಬುಡಕ್ಕೆ ಎರಡು ಸಿಮೆಂಟ್ ಇಟ್ಟಿಗೆ ಒತ್ತಿಟ್ಟೆವು. ಬಾಡಿಗೆ ಮನೆಯವರಿಗೆ ಇದು ಬಹಳ ಒಳ್ಳೆಯ ಉಪಾಯ. ಬಿಟ್ಟು ಹೋಗುವಾಗ ಒಂದು ತೂತೂ ಇರುವುದಿಲ್ಲ.

ಮೇ 3ಕ್ಕೆ ಟಿವಿ ಬಂತು. ಚಿತ್ರ ಎಷ್ಟು ಚೆನ್ನಾಗಿತ್ತು ಅಂದರೆ ಅಪ್ಪ ಕುರ್ಚಿಯನ್ನು ಮುಂದಕ್ಕೆ ಎಳೆಸಿಕೊಂಡರು. ಆ ದಿನ ರಾತ್ರಿ ಎಲ್ಲರಿಗೂ ಸಮಾಧಾನ.

ಮೇ 6ಕ್ಕೆ ಭರಣಿ ಮಳೆ ಬಂತು. ಏಳು ಗಂಟೆಗೆ ಗುಡುಗು, ಏಳು ಇಪ್ಪತ್ತಕ್ಕೆ ಟಿವಿಯಲ್ಲಿ ಚೌಕ ಚೌಕ, ಆಮೇಲೆ ಸಿಗ್ನಲ್ ಇಲ್ಲ ಅನ್ನುವ ಬರಹ. ಮುಕ್ಕಾಲು ಗಂಟೆ. "ಭರಣಿ ಮಳೆ ಬಂದ್ರೆ ಧರಣಿಯೆಲ್ಲ ಬೆಳೆ, ಬರ್ಲಿ ಬಿಡವ್ವ" ಅಂತ ಅಪ್ಪ ಸಮಾಧಾನ ಹೇಳಿದರು. ಅವರ ಮನಸ್ಸು ತೋಟದ ಮೇಲಿತ್ತು. ಮಾರನೇ ದಿನವೂ ಅದೇ ಹೊತ್ತಿಗೆ ಹೋಯಿತು. ಮೈಸೂರಿನ ಮೇ ತಿಂಗಳ ಮಳೆ ಗೊತ್ತಲ್ಲ, ಹಗಲೆಲ್ಲ ಬಿಸಿಲು, ಸಂಜೆಗೆ ಸರಿಯಾಗಿ ಸುರಿಯುವುದು. ಅವ್ವ ಟಿವಿ ನೋಡುವುದೇ ಏಳರಿಂದ ಒಂಬತ್ತೂವರೆ. ಹಗಲು ಹನ್ನೆರಡು ಗಂಟೆ ಚೆನ್ನಾಗಿ ಬಂದು ಅವಳ ಎರಡೂವರೆ ಗಂಟೆ ಮಾತ್ರ ಹೋಗುತ್ತಿತ್ತು. ಅವಳು ಒಂದು ಮಾತೂ ಅನ್ನಲಿಲ್ಲ. ಟಿವಿ ಆಫ್ ಮಾಡಿ ಬೆಳ್ಳುಳ್ಳಿ ಬಿಡಿಸಲು ಕೂರುತ್ತಿದ್ದಳು. ಅದನ್ನು ನೋಡಿಯೇ ನನಗೆ ಹೊಟ್ಟೆ ಉರಿದದ್ದು.

ಕಂಪ್ಲೇಂಟ್ ಕೊಟ್ಟೆ. ಎರಡು ಸಲ ಬೇರೆ ಬೇರೆ ಹುಡುಗರು ಬಂದರು. ಎರಡನೆಯವನು ತಾಳ್ಮೆಯಿಂದ ಕೆಲಸ ಮಾಡಿದ. ಬಾಕ್ಸ್‌ನ ಸೆಟ್ಟಿಂಗ್‌ನಲ್ಲಿ ಸಿಗ್ನಲ್‌ನ ಶಕ್ತಿ, ಗುಣಮಟ್ಟ ಅಂತ ಎರಡು ಪಟ್ಟಿ ಕಾಣುತ್ತವೆ. ನೋಡಬೇಕಾದದ್ದು ಗುಣಮಟ್ಟವನ್ನು. ಬಿಸಿಲಲ್ಲೇ ಅದು ಕಡಿಮೆ ಇದ್ದರೆ ಡಿಶ್ ದಿಕ್ಕು ಸರಿ ಕೂತಿಲ್ಲ ಅಂತ ಅರ್ಥ, ಅಂಥದ್ದು ತುಂತುರು ಮಳೆಗೂ ನಿಲ್ಲುತ್ತದೆ. ನಮ್ಮದು ಒಂಚೂರು ತಿರುಗಿತ್ತು, ವೈರ್ ತುದಿಯ ಕನೆಕ್ಟರ್‌ಗೂ ನೀರು ಹೋಗಿತ್ತು. ಎರಡೂ ಸರಿ ಮಾಡಿದ ಮೇಲೆ ಸಣ್ಣ ಮಳೆಗೆ ನಿಲ್ಲುವುದು ತಪ್ಪಿತು. ಕೆಲಸ ಮುಗಿಯುವವರೆಗೆ ಪಟ್ಟಿ ನೀವೇ ನೋಡುತ್ತಿರಿ. ಜೋರು ಮಳೆಗೆ ಮಾತ್ರ ಏನೂ ಮಾಡಲು ಆಗಲ್ಲ ಅಂತ ಅವನು ನೇರವಾಗಿ ಹೇಳಿದ. ಡಿಟಿಎಚ್ ಬರುವುದು ಕೆಯು ಬ್ಯಾಂಡ್ ಅನ್ನುವ ರೇಡಿಯೋ ಅಲೆಗಳಲ್ಲಿ. ಆ ಅಲೆಗಳ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸು, ದಪ್ಪ ಹನಿಯ ಮಳೆ ಅವನ್ನು ಹೀರಿ ಚದುರಿಸಿಬಿಡುತ್ತದೆ. ಯಾವ ಕಂಪನಿಯದ್ದಾದರೂ ಅಷ್ಟೇ.

ಈ ನಡುವೆ ಪ್ಯಾಕ್ ವಿಷಯ. ಮೊದಲ ತಿಂಗಳು ಮುಗಿಯುತ್ತಾ ಬಂದಾಗ 360 ರೂಪಾಯಿ ರೀಚಾರ್ಜ್ ಕೇಳಿತು. ಒಂದು ಭಾನುವಾರ ಅಪ್ಪ ಅವ್ವನ ಪಕ್ಕ ಕೂತು ಅವರು ನಿಜವಾಗಿ ನೋಡುವ ಚಾನೆಲ್ ಬರೆದೆ. ಹದಿಮೂರು. ಅದರಲ್ಲಿ ನ್ಯೂಸ್ ಚಾನೆಲ್‌ಗಳು, ಚಂದನ ಎಲ್ಲ ಉಚಿತ. ದುಡ್ಡು ಕೊಡಬೇಕಾದದ್ದು ಧಾರಾವಾಹಿಯ ನಾಲ್ಕು, ಸಿನಿಮಾದ ಎರಡು, ಕ್ರಿಕೆಟ್‌ಗೆ ಒಂದು. 2019ರ ಫೆಬ್ರವರಿಯಿಂದ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದಂತೆ ನಮಗೆ ಬೇಕಾದ ಚಾನೆಲ್ ಮಾತ್ರ ಆರಿಸಿಕೊಳ್ಳಬಹುದು. ಬಿಲ್‌ನಲ್ಲಿ ಮೂರು ಭಾಗ: ಚಾನೆಲ್ ಮನೆಗೆ ತಲುಪಿಸುವುದಕ್ಕೆ ನೆಟ್‌ವರ್ಕ್ ಶುಲ್ಕ, ಪೇ ಚಾನೆಲ್‌ಗಳ ಬೆಲೆ, ಇವೆರಡರ ಮೇಲೆ ಶೇಕಡ 18 ಜಿಎಸ್‌ಟಿ. ನೆಟ್‌ವರ್ಕ್ ಶುಲ್ಕ ಮೊದಲು 100 ಚಾನೆಲ್‌ಗೆ 130 ರೂಪಾಯಿ ದಾಟುವಂತಿರಲಿಲ್ಲ, 2020ರಲ್ಲಿ ಅದೇ ದುಡ್ಡಿಗೆ 200 ಚಾನೆಲ್ ಅಂತ ಮಾಡಿದರು. 2024ರ ಜುಲೈನಲ್ಲಿ ಆ ಮಿತಿಯನ್ನೇ ತೆಗೆದರು. ಫಿಟ್ಟಿಂಗ್ ಶುಲ್ಕಕ್ಕಿದ್ದ ಮಿತಿಯೂ ಆಗಲೇ ಹೋಯಿತು. ಅದಕ್ಕೇ ಈಗ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಎರಡು ಕಡೆ ವಿಚಾರಿಸದೆ ಒಪ್ಪಬೇಡಿ.

ನನಗೆ ಗೊತ್ತಿಲ್ಲದಿದ್ದ ಇನ್ನೊಂದು ಸಂಗತಿ: ಪೇ ಚಾನೆಲ್‌ನ ಗರಿಷ್ಠ ಬೆಲೆ ನಿಗದಿ ಮಾಡುವುದು ಚಾನೆಲ್‌ನವರು. ಕೇಬಲ್‌ಗೂ ಡಿಶ್‌ಗೂ ಅದು ಒಂದೇ. ಹಾಗಾಗಿ ಕೇಬಲ್ ಸಸ್ತಾ, ಡಿಶ್ ದುಬಾರಿ ಅಂತ ಕಣ್ಣುಮುಚ್ಚಿ ಹೇಳಲು ಆಗಲ್ಲ. ವ್ಯತ್ಯಾಸ ಬರುವುದು ನೆಟ್‌ವರ್ಕ್ ಶುಲ್ಕದಲ್ಲಿ, ಪ್ಯಾಕ್ ಮೇಲೆ ಅವರು ಬಿಡುವ ರಿಯಾಯಿತಿಯಲ್ಲಿ. ನಮ್ಮ ಹದಿಮೂರನ್ನು ಇಟ್ಟುಕೊಂಡು ಬೇರೆ ಪ್ಯಾಕ್ ತೆಗೆಸಿದಾಗ ಡಿಶ್‌ನಲ್ಲೇ 268ಕ್ಕೆ ಇಳಿಯಿತು. ಧಾರಾವಾಹಿ ನೋಡುವವರಿಗೆ ಎಚ್‌ಡಿ ಬೇಕಾ ಅಂತ ಕೇಳಿ ನೋಡಿ. ಅವ್ವನಿಗೆ ಬೇಡವಾಗಿತ್ತು, ಅಲ್ಲೇ ಬಹಳ ಉಳಿಯಿತು.

ಕೃತ್ತಿಕೆ ಮಳೆ ಶುರುವಾದ ಮೇಲೆ ಒಂದೇ ವಾರದಲ್ಲಿ ನಾಲ್ಕು ಸಂಜೆ ಹೋಯಿತು. ಒಂದು ದಿನ ಓನರ್ ಅಮ್ಮ ಹಲಸಿನ ಹಣ್ಣು ಕೊಡಲು ಕೆಳಗೆ ಬಂದರು. ಕತ್ತಲಲ್ಲಿ ಟಿವಿ ಇಲ್ಲದೆ ಇಬ್ಬರೂ ಕೂತಿದ್ದರು. "ಯಾಕಮ್ಮ, ಕರೆಂಟ್ ಇದೆಯಲ್ಲ?" ಅಂದರು. ಅವ್ವ ವಿಷಯ ಹೇಳಿದಳು. ಸ್ವಲ್ಪ ಹೊತ್ತು ಕೂತಿದ್ದು, ಎದ್ದು ಹೋಗುವಾಗ ಅವರೇ ಹೇಳಿದರು, ಹಿಂದುಗಡೆ ನೀರಿನ ಪೈಪ್ ಇಳಿಯುವ ಡಕ್ಟ್ ಇದೆಯಲ್ಲ, ಕೇಬಲ್ ಅಲ್ಲಿಂದ ತರಿಸಿ, ನನ್ನ ಅಭ್ಯಂತರ ಇಲ್ಲ ಅಂತ. ಮೊದಲ ದಿನ ನಾನು ಮುಂದುಗಡೆ ಬಿಟ್ಟು ಬೇರೆ ದಾರಿ ಇದೆಯಾ ಅಂತ ಕೇಳಿಯೇ ಇರಲಿಲ್ಲ. ಓನರ್ ಬೇಡ ಅಂದರೆ ಯಾವುದು ಬೇಡ ಅಂತ ಕೇಳಿ. ವೈರ್ ಬೇಡವಾ, ಆ ಜಾಗ ಬೇಡವಾ?

ಕೇಬಲ್ ಯಜಮಾನರು ಮತ್ತೆ ಬಂದರು. ನಿಮಗೂ ಸಿಗ್ನಲ್ ಉಪಗ್ರಹದಿಂದಲೇ ಬರುವುದಲ್ವಾ, ನಿಮ್ಮದು ಮಳೆಗೆ ಯಾಕೆ ಹೋಗಲ್ಲ ಅಂತ ಕೇಳಿದೆ. ಅವರ ಉತ್ತರ ಚೆನ್ನಾಗಿತ್ತು. ಕೇಬಲ್ ಸಂಸ್ಥೆಗಳು ಹೆಚ್ಚಿನ ಚಾನೆಲ್‌ಗಳನ್ನು ಸಿ ಬ್ಯಾಂಡ್‌ನಲ್ಲಿ, ಮನೆ ಕೋಣೆಯಷ್ಟು ದೊಡ್ಡ ಡಿಶ್ ಇಟ್ಟು ಹಿಡಿಯುತ್ತವೆ. ಆ ಅಲೆಗಳ ಉದ್ದ ಏಳು ಸೆಂಟಿಮೀಟರಿಗೂ ಮೇಲೆ, ಮಳೆ ಅವನ್ನು ಅಷ್ಟಾಗಿ ತಡೆಯಲ್ಲ. ಅಲ್ಲಿಂದ ನಮ್ಮ ಬೀದಿವರೆಗೆ ಫೈಬರ್, ಆಮೇಲೆ ಕೇಬಲ್.

ಜೂನ್ 9ಕ್ಕೆ ಹಾಕಿಕೊಟ್ಟರು. 1,500, ಜೊತೆಗೆ ವೈರ್‌ಗೆ 300. ತಿಂಗಳಿಗೆ 300. ಡಿಶ್‌ಗಿಂತ 32 ರೂಪಾಯಿ ಜಾಸ್ತಿ, ಆದರೂ ಒಪ್ಪಿದೆ. ಬಿಲ್ ಕೇಳಿ ಪಡೆಯಿರಿ, ಕೈಯಲ್ಲಿ ದುಡ್ಡು ಕೊಟ್ಟು ಸುಮ್ಮನಾಗಬೇಡಿ.

ಕೇಬಲ್ ಅಂದರೆ ತೊಂದರೆಯೇ ಇಲ್ಲ ಅಂತಲ್ಲ. ಮಾರನೇ ದಿನವೇ ಕರೆಂಟ್ ಹೋಯಿತು. ನಮ್ಮನೆಯಲ್ಲಿ ಯುಪಿಎಸ್ ಇದೆ, ಟಿವಿ ಉರಿಯುತ್ತಿತ್ತು, ಸಿಗ್ನಲ್ ಇರಲಿಲ್ಲ. ಬೀದಿಯಲ್ಲಿ ಸಿಗ್ನಲ್ ಏರಿಸುವ ಪೆಟ್ಟಿಗೆಗೂ ಕರೆಂಟ್ ಬೇಕು, ಅದರ ಬ್ಯಾಟರಿ ಒಂದು ಗಂಟೆಯಷ್ಟು ತಡೆಯುತ್ತದೆಯಂತೆ. ನಿಮ್ಮ ಕಡೆ ಚೆಸ್ಕಾಂ ಕರೆಂಟ್ ಜಾಸ್ತಿ ಹೋಗುತ್ತಿದ್ದು ಮಳೆ ಕಡಿಮೆಯಿದ್ದರೆ ಡಿಶ್ಶೇ ಸರಿ. ಮನೆಯಲ್ಲಿ ಯುಪಿಎಸ್ ಇದ್ದರೆ ಸಾಕು, ಅದು ಬರುತ್ತಲೇ ಇರುತ್ತದೆ. ಗುಡುಗು ಸಿಡಿಲು ಬರುವ ಹಾಗಿದ್ದರೆ ಮಾತ್ರ, ಶುರುವಾಗುವ ಮುಂಚೆಯೇ, ಕೇಬಲ್ ಇರಲಿ ಡಿಶ್ ಇರಲಿ, ಬಾಕ್ಸ್‌ನ ಪ್ಲಗ್ಗೂ ಹಿಂದಿನ ವೈರೂ ಎರಡನ್ನೂ ಕೀಳಿ. ವೈರ್ ಮೂಲಕ ಸಿಡಿಲು ಬಂದು ಟಿವಿಯೇ ಸುಟ್ಟ ಮನೆ ನಮ್ಮೂರಿನಲ್ಲಿದೆ.

ಬಿಚ್ಚಿಸಿದ ಡಿಶ್ ಊರಿಗೆ ಹೋಯಿತು. ನಮ್ಮ ತೋಟದ ಮನೆವರೆಗೆ ಕೇಬಲ್ ಬರುವುದಿಲ್ಲ, ಅಲ್ಲಿಗೆ ಡಿಶ್ಶೇ ಗತಿ. ವಿಳಾಸ ಬದಲಾವಣೆ ಅಂತ ಕಂಪನಿಗೆ ಹೇಳಿ ಮಾಡಿಸಿದರೆ 600, ಹೊಸ ವೈರ್‌ಗೆ 200. ತಿಂಗಳಿಗೆ ನಾಲ್ಕು ದಿನ ಇರುವ ಮನೆಗೆ ರೀಚಾರ್ಜ್ ಯಾಕೆ ಅಂತ ದೂರದರ್ಶನದ ಫ್ರೀ ಡಿಶ್ ಬಗ್ಗೆಯೂ ಯೋಚಿಸಿದೆವು. 2004ರ ಡಿಸೆಂಬರ್‌ನಲ್ಲಿ ಶುರುವಾದ ಸೇವೆ ಅದು, ಡಿಶ್ಶು ಬಾಕ್ಸಿಗೆ ಒಂದು ಸಲ ಕೊಟ್ಟರೆ ತಿಂಗಳಿಗೆ ಏನೂ ಕಟ್ಟಬೇಕಿಲ್ಲ, ಚಂದನವೂ ಬರುತ್ತದೆ. ಚಂದನ, ಸುದ್ದಿ ಸಾಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಅವ್ವ ನೋಡುವ ಧಾರಾವಾಹಿಯ ಪೇ ಚಾನೆಲ್‌ಗಳು ಅದರಲ್ಲಿ ಇಲ್ಲ, ಅದಕ್ಕೆ ಬಿಟ್ಟೆವು. ಊರಲ್ಲಿ ಕೋತಿ ಕಾಟ ಇದೆ, ಡಿಶ್ ಮೇಲೆ ಕೂತು ದಿಕ್ಕು ತಪ್ಪಿಸುತ್ತವೆ. ನಟ್ಟು ಬಿಗಿಯಾದ ಮೇಲೆ ಡಿಶ್‌ನ ಕಂಬದ ಮೇಲೆ ಬಣ್ಣದಲ್ಲಿ ಒಂದು ಗೆರೆ ಎಳೆಸಿದ್ದೇನೆ. ತಿರುಗಿದರೆ ಗೆರೆ ನೋಡಿ ಮತ್ತೆ ಕೂರಿಸಬಹುದು.

ಒಟ್ಟು ಲೆಕ್ಕ: ಡಿಶ್‌ಗೆ 2,100, ಬಕೆಟ್ ಕಂಬಕ್ಕೆ 450, ಊರಿಗೆ ಸಾಗಿಸಿ ಹಾಕಿಸಿದ್ದಕ್ಕೆ 800, ಕೇಬಲ್‌ಗೆ 1,800. ಸೇರಿ 5,150. ತಿಂಗಳ ರೀಚಾರ್ಜ್ ಬೇರೆ.

ಜುಲೈನಲ್ಲಿ ಡಾಕ್ಟರ್ ಒಪ್ಪಿದರೆ ಅಪ್ಪ ಅವ್ವ ಎರಡು ತಿಂಗಳು ಊರಿಗೆ ಹೋಗುತ್ತಾರೆ. ಅಷ್ಟು ದಿನ ಕೇಬಲ್ ತಾತ್ಕಾಲಿಕವಾಗಿ ನಿಲ್ಲಿಸಿ ಅಂತ ಕೇಳುವ ಹಕ್ಕು ನಮಗಿದೆ, ಪೂರ್ತಿ ತಿಂಗಳ ಲೆಕ್ಕದಲ್ಲಿ ಮುಂಚಿತವಾಗಿ ಹೇಳಬೇಕು. ಬಾಯಲ್ಲಿ ಹೇಳಿ ಬಿಡುವುದಿಲ್ಲ ಈ ಸಲ, ಮೆಸೇಜ್ ಹಾಕಿ ಉತ್ತರ ಇಟ್ಟುಕೊಳ್ಳುತ್ತೇನೆ. ದಸರಾ ಹೊತ್ತಿಗೆ ಇಬ್ಬರೂ ವಾಪಸ್ ಬರುತ್ತಾರೆ. ಜಂಬೂಸವಾರಿ ದಿನ ಅರಮನೆ ಹತ್ತಿರ ನಿಲ್ಲಲು ಅಪ್ಪನ ಕಾಲಿಗೆ ಇನ್ನೂ ಆಗಲಿಕ್ಕಿಲ್ಲ. ಚಂದನ ಎಷ್ಟನೇ ನಂಬರಿನಲ್ಲಿ ಬರುತ್ತದೆ ಅಂತ ಕೇಳಿ, ಕ್ಯಾಲೆಂಡರ್ ಮೂಲೆಯಲ್ಲಿ ಈಗಲೇ ಬರೆದಿಟ್ಟುಕೊಂಡಿದ್ದಾರೆ.